ನಮ್ಮಲ್ಲಿ ಒಂದು ಡಾಲರ್ ಕಡಿಮೆ

ಏಪ್ರಿಲ್ ತಿಂಗಳ ಒಂದು ಸೋಮವಾರ, ಅಂಗಡಿ ತೆರೆಯುವುದಕ್ಕೆ ಇನ್ನೂ ಅರ್ಧ ಗಂಟೆ ಇರುವಾಗ, ನಮ್ಮ ಮ್ಯಾನೇಜರ್ ಡೆನ್ಲಿಂಗರ್ ನಮ್ಮನ್ನೆಲ್ಲ ಪಾಪ್‌ಕಾರ್ನ್ ಕೌಂಟರಿನ ಮುಂದೆ ಸೇರಿಸಿಕೊಂಡು ಒಂದು ಕಾಗದ ಓದಿದ. ಗಾರ್ಬರ್ ಮತ್ತು ಪೆನ್‌ವೇ ಇನ್ನು ಮೇಲೆ ಒಂದೇ ಸಂಸಾರವಂತೆ. ನಾನು ಇಪ್ಪತ್ತೆರಡು ವರ್ಷ ಗಾರ್ಬರ್‌ನಲ್ಲಿ ಪರದೆ, ಹಾಸಿಗೆ ಬಟ್ಟೆ, ಹೆಂಗಸರ ಕೋಟು ಮಾರಿದವಳು. ಆ ಇಪ್ಪತ್ತೆರಡು ವರ್ಷವೂ ಪೆನ್‌ವೇ ನಮ್ಮ ಶತ್ರು ಎಂದೇ ಹೇಳಿಕೊಟ್ಟಿದ್ದರು. ಈಗ ಅರ್ಧ ಹಸಿರು ಅರ್ಧ ಕೆಂಪು ಕೆನೆ ಹಚ್ಚಿದ ಕೇಕು ಕತ್ತರಿಸಿ, ಚಪ್ಪಾಳೆ ತಟ್ಟಿ ಎನ್ನುತ್ತಿದ್ದರು. ಕೇಕು ಹಿಂದಿನ ದಿನದ್ದು, ಒಣಗಿಹೋಗಿತ್ತು.

ಪೆನ್‌ವೇ ಎಲ್ಲೋ ದೂರದಲ್ಲಿತ್ತು ಎಂದುಕೊಳ್ಳಬೇಡಿ. ನಮ್ಮ ವೆಸ್ಟ್ ಆರ್ಡನ್‌ನಲ್ಲಿ ಎರಡೂ ಅಂಗಡಿಗಳು ಕಾರು ನಿಲ್ಲಿಸುವ ಒಂದೇ ಬಯಲಿನ ಆಚೆ ಈಚೆ ಎದುರುಬದುರಾಗಿ ನಿಂತಿದ್ದವು. ನಮ್ಮ ಬಾಗಿಲಲ್ಲಿ ಸೀನಿದರೆ ಅವರ ಬಾಗಿಲಲ್ಲಿ ಕೇಳಿಸುತ್ತಿತ್ತು. ಉಕ್ಕಿನ ಕಾರ್ಖಾನೆ ಹೊಗೆ ಬಿಡುತ್ತಿದ್ದ ಕಾಲದಲ್ಲಿ ಎರಡಕ್ಕೂ ಸಾಕಾಗುವಷ್ಟು ಗಿರಾಕಿಗಳಿದ್ದರು. ಕಾರ್ಖಾನೆ ಎಂಬತ್ತನಾಲ್ಕರಲ್ಲಿ ಮುಚ್ಚಿತು. ಆಮೇಲೆ ಹೆದ್ದಾರಿಯ ಪಕ್ಕ ಆ ದೈತ್ಯ ಅಂಗಡಿ ಬಂತು, ನಮ್ಮಂಥ ನಾಲ್ಕನ್ನು ಒಳಗಿಟ್ಟರೂ ಜಾಗ ಮಿಗುವಂಥದ್ದು. ಅವರೊಡನೆ ಒಂಟಿಯಾಗಿ ಗುದ್ದಾಡಿ ಉಳಿಯಲಾರೆವು ಎಂದು ನಮ್ಮ ದೊಡ್ಡವರೂ ಪೆನ್‌ವೇಯ ದೊಡ್ಡವರೂ ಸೇರಿ ಈ ಮದುವೆ ಮಾಡಿಕೊಂಡಿದ್ದರು. ಎರಡು ಕಡೆಯವರ ಕೈಯಲ್ಲೂ ಏನೂ ಇರಲಿಲ್ಲ ಎನ್ನುವುದು ಕೇಕು ನೋಡಿದರೇ ಗೊತ್ತಾಗುತ್ತಿತ್ತು.

ನನಗೆ ಮಾತ್ರ ಒಂದೇ ಪ್ರಶ್ನೆ ಇತ್ತು. ಡೆನ್ಲಿಂಗರ್‌ನ ಆಫೀಸಿಗೆ ಹೋಗಿ ಕೇಳಿಯೇಬಿಟ್ಟೆ.

"ನಾಳೆ ಮಂಗಳವಾರ. ನಾನು ಪೆನ್‌ವೇಗೆ ಹೋಗ್ಬೇಕಾ, ಬೇಡ್ವಾ?"

"ಯಾಕೆ ಹೋಗ್ಬೇಕು ವಿಲ್ಮಾ?"

"ಹದಿನೈದು ವರ್ಷದಿಂದ ಪ್ರತಿ ಮಂಗಳವಾರ ಯಾಕೆ ಹೋಗ್ತಿದೀನೋ ಅದಕ್ಕೆ."

ಕೆಲಸ ಇಷ್ಟೇ. ನಲವತ್ತು ಸಾಮಾನುಗಳ ಪಟ್ಟಿ ಹಿಡಿದು ಎದುರಂಗಡಿಗೆ ಹೋಗಬೇಕು, ಅವರ ಬೆಲೆ ನೋಡಿ ಬರೆದುಕೊಂಡು ಬರಬೇಕು, ಅದನ್ನು ಫಿಲಡೆಲ್ಫಿಯಾದ ಹೆಡ್ ಆಫೀಸಿಗೆ ಕಳಿಸಬೇಕು. ಬುಧವಾರ ಬೆಳಿಗ್ಗೆ ನಮ್ಮ ಯಂತ್ರದಿಂದ ಹಳದಿ ಕಾರ್ಡುಗಳು ಹೊರಬರುತ್ತಿದ್ದವು: 'ಪೆನ್‌ವೇಯಲ್ಲಿ ಹತ್ತೊಂಬತ್ತು, ನಮ್ಮಲ್ಲಿ ಹದಿನೆಂಟು.' ದೊಡ್ಡ ಸಾಮಾನಿಗೆ ಒಂದು ಡಾಲರ್ ಕಡಿಮೆ, ಸಣ್ಣದಕ್ಕೆ ಐದು ಸೆಂಟು ಕಡಿಮೆ. ಗುರುವಾರ ಪೆನ್‌ವೇಯವರು ನಮ್ಮಲ್ಲಿಗೆ ಬಂದು ಅದನ್ನೇ ಮಾಡುತ್ತಿದ್ದರು. ಶುಕ್ರವಾರ ಅವರ ಬೆಲೆ ಇಳಿಯುತ್ತಿತ್ತು. ಬೆಲೆ ತೀರಾ ತಳ ಮುಟ್ಟಿದಾಗ ಎರಡು ಕಡೆಯಲ್ಲಿ ಯಾರಾದರೊಬ್ಬ ಖರೀದಿ ಅಧಿಕಾರಿ 'ಸಾಕು' ಎನ್ನುತ್ತಿದ್ದ, ಆಟ ಅಲ್ಲಿಗೆ ನಿಲ್ಲುತ್ತಿತ್ತು.

ಡೆನ್ಲಿಂಗರ್ ಫಿಲಡೆಲ್ಫಿಯಾಕ್ಕೆ ಫೋನ್ ಮಾಡಿದ. ನಲವತ್ತು ನಿಮಿಷ ಅದೇನೋ ಸಂಗೀತ ಕೇಳಿಸಿಕೊಂಡು ಕೂತಿದ್ದ. ಕೊನೆಗೆ ಫೋನ್ ಇಟ್ಟು ನನ್ನ ಮುಖ ನೋಡದೆ ಹೇಳಿದ.

"ಹೋಗ್ಬೇಕಂತೆ."

"ನಾವೆಲ್ಲ ಒಂದೇ ಸಂಸಾರ ಅಲ್ವಾ?"

"ಎದುರಾಳಿಗಳ ಪಟ್ಟೀಲಿ ಪೆನ್‌ವೇ ಏಳನೇ ನಂಬರಂತೆ. ಆ ನಂಬರ್ ಹೊಡೆದು ಹಾಕೋದಕ್ಕೆ ಬೆಲೆ ವಿಭಾಗದ ಮುಖ್ಯಸ್ಥರು ಸಹಿ ಹಾಕ್ಬೇಕು. ಆ ಹುದ್ದೇನೇ ಈಗ ತೆಗೆದುಬಿಟ್ಟಿದಾರೆ. ಬೇರೆ ಯಾರೂ ಸಹಿ ಹಾಕೋ ಹಾಗಿಲ್ಲವಂತೆ."

"ಅಂದ್ರೆ ನಮ್ಮ ಮನೆ ಕಿಟಕೀಲಿ ನಾವೇ ಇಣುಕಬೇಕು."

"ಹೊಸ ಆದೇಶ ಬರೋವರೆಗೂ ಅಷ್ಟೆ. ಒಂದು ವಾರ, ಎರಡು ವಾರ. ದಯವಿಟ್ಟು ಹೋಗಿಬನ್ನಿ."

ಹೋದೆ. ಪೆನ್‌ವೇಯಲ್ಲಿ ಪಿಂಗಾಣಿ ತಟ್ಟೆಗಳ ಸಾಲಿನಲ್ಲಿ ನನ್ನ ತಂಗಿ ಐರೀನ್ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳು ಅಲ್ಲಿ ಹತ್ತೊಂಬತ್ತು ವರ್ಷದಿಂದ ಇದ್ದವಳು. ಮದುವೆ ಆಗಲಿಲ್ಲ. ಗಲ್ಲಾಪೆಟ್ಟಿಗೆಯಿಂದ ಶುರುಮಾಡಿ ಅರ್ಧ ಅಂಗಡಿಯ ಮೇಲ್ವಿಚಾರಕಿ ಆಗಿದ್ದಳು. ನಮ್ಮೂರಿನ ಪೆನ್‌ವೇಯಲ್ಲಿ ಆ ಮಟ್ಟಕ್ಕೆ ಏರಿದ ಮೊದಲ ಹೆಂಗಸು ಅವಳೇ. ಗುರುವಾರ ನಮ್ಮಲ್ಲಿಗೆ ಬಂದು ಬೆಲೆ ಬರೆದುಕೊಳ್ಳುತ್ತಿದ್ದವಳೂ ಅವಳೇ. ಹದಿನೈದು ವರ್ಷ ನಾವಿಬ್ಬರೂ ಒಬ್ಬರ ಅಂಗಡಿಯಲ್ಲಿ ಇನ್ನೊಬ್ಬರು ಗುರುತಿಲ್ಲದವರ ಹಾಗೆ ಓಡಾಡಿದ್ದೆವು. ಅದು ನಾವೇ ಮಾಡಿಕೊಂಡ ಕಟ್ಟಳೆ. ಆವತ್ತು ಅವಳೇ ಅದನ್ನು ಮುರಿದಳು.

"ಏನಮ್ಮಾ, ಸಂಸಾರ ಹೇಗೆ ನಡೀತಿದೆ ಅಂತ ನೋಡೋಕೆ ಬಂದ್ಯಾ?"

"ಸುಮ್ನಿರೇ. ಕಿಟಕಿ ಫ್ಯಾನ್ ಎಷ್ಟು?"

"ಕಣ್ಣಿದೆಯಲ್ಲ, ಓದ್ಕೋ. ಗುರುವಾರ ನಾನೂ ಬರ್ಬೇಕಂತೆ. ನಮ್ಮ ಆಕ್ರನ್ ಹೆಡ್ ಆಫೀಸಿನವರು ನಿಮ್ಮ ಫಿಲಡೆಲ್ಫಿಯಾದವರಿಗಿಂತ ಬುದ್ಧಿವಂತರು ಅಂದ್ಕೊಂಡಿದ್ದೆ. ಎಲ್ಲ ಒಂದೇ ಅಚ್ಚಿನ ಗೊಂಬೆಗಳು."

ಒಂದು ವಾರ ಎರಡು ವಾರ ಎಂದದ್ದು ಆರು ವಾರ ಆಯಿತು. 'ಸಾಕು' ಎನ್ನಬೇಕಾಗಿದ್ದ ಖರೀದಿ ಅಧಿಕಾರಿಗಳನ್ನು ಎರಡು ಕಡೆಯೂ ಮನೆಗೆ ಕಳಿಸಿದ್ದರು. ಯಂತ್ರಗಳು ಮಾತ್ರ ಕೆಲಸ ಬಿಟ್ಟಿರಲಿಲ್ಲ. ಕಿಟಕಿ ಫ್ಯಾನು ಏಪ್ರಿಲ್‌ನಲ್ಲಿ ಹತ್ತೊಂಬತ್ತು ಡಾಲರ್ ಇತ್ತು. ನಾನು ಒಂದು ಡಾಲರ್ ಇಳಿಸುತ್ತಿದ್ದೆ, ಐರೀನ್ ಇನ್ನೊಂದು ಇಳಿಸುತ್ತಿದ್ದಳು. ಜೂನ್ ಮೊದಲ ವಾರಕ್ಕೆ ಅದು ಏಳಕ್ಕೆ ಬಂದು ನಿಂತಿತ್ತು. ಕಂಪನಿ ಅದನ್ನು ಕೊಂಡದ್ದೇ ಹನ್ನೊಂದಕ್ಕೆ. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಫಿಲಡೆಲ್ಫಿಯಾಕ್ಕೆ ಎರಡು ಕಾಗದ ಬರೆದೆ. ಎರಡಕ್ಕೂ ಒಂದೇ ಉತ್ತರ ಬಂತು, ನಿಮ್ಮ ಸಲಹೆಗಾಗಿ ಕೃತಜ್ಞತೆಗಳು ಎಂದು. ಜೊತೆಗೆ ಹೊಸ ಲಾಂಛನದ ಒಂದು ಬಿಲ್ಲೆ.

ಊರಿನ ಜನರಿಗೆ ವಿಷಯ ಗೊತ್ತಾಗಲು ಎಷ್ಟು ಹೊತ್ತು? ಹಳೆಯ ಕುಲುಮೆ ಕೆಲಸಗಾರ ಬಲೋಗ್ ಎಂಬ ಮುದುಕ ಮಡಚುವ ಕುರ್ಚಿ ತಂದು ಎರಡು ಅಂಗಡಿಗಳ ನಡುವೆ, ದೀಪದ ಕಂಬದ ಬುಡದಲ್ಲಿ ಹಾಕಿಕೊಂಡು ಕೂತುಬಿಟ್ಟಿದ್ದ. ಬುಧವಾರ ನಮ್ಮ ಕಡೆ ತಿರುಗಿ ಕೂರುತ್ತಿದ್ದ, ಶುಕ್ರವಾರ ಅವರ ಕಡೆ.

"ವಿಲ್ಮಾ, ಮುಂದಿನ ವಾರ ಆರಕ್ಕೆ ಇಳಿಯುತ್ತಾ?"

"ನಿಮಗೆ ಎಷ್ಟು ಫ್ಯಾನ್ ಬೇಕು ಬಲೋಗ್?"

"ಒಂದೂ ಬೇಡ. ದೊಡ್ಡ ಕಂಪನಿಗಳು ತಮ್ಮ ಕೆನ್ನೆಗೆ ತಾವೇ ಹೊಡ್ಕೊಳ್ಳೋದನ್ನ ಕಾರ್ಖಾನೆ ಮುಚ್ಚಿದ ಮೇಲೆ ನೋಡಿರ್ಲಿಲ್ಲ."

ಆ ವಾರವೇ ಇನ್ನೊಂದು ಕಾಗದ ಬಂತು. ಈ ಸಲ ಕೇಕು ಇರಲಿಲ್ಲ. ಒಂದೇ ಊರಿನಲ್ಲಿ ಗಾರ್ಬರ್ ಮತ್ತು ಪೆನ್‌ವೇ ಎರಡೂ ಇರುವ ಕಡೆ ಒಂದನ್ನು ಮುಚ್ಚುತ್ತಾರೆ. ಜೂನ್ ಹತ್ತರಿಂದ ಹತ್ತು ವಾರ ಯಾರ ಮಾರಾಟ ಹೆಚ್ಚೋ ಆ ಅಂಗಡಿ ಉಳಿಯುತ್ತದೆ. ಇನ್ನೊಂದರವರನ್ನು ಎರಡು ವಾರದ ಸಂಬಳ ಕೊಟ್ಟು ಮನೆಗೆ ಕಳಿಸುತ್ತಾರೆ.

ನನ್ನ ಗಂಡ ಎಮಿಲ್ ಇಪ್ಪತ್ತಾರು ವರ್ಷ ಕಾರ್ಖಾನೆಯಲ್ಲಿ ಕಲ್ಲಿದ್ದಲು ಬೇಯಿಸುವ ಕೋಕ್ ಒಲೆಗಳ ಮೇಲೆ ನಿಂತು ಕೆಲಸ ಮಾಡಿದವನು. ಅವನ ಎದೆಯೊಳಗೆ ಏನೇನಿದೆಯೋ ಆ ದೇವರಿಗೇ ಗೊತ್ತು. ಮನೆಯಲ್ಲಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಆಕ್ಸಿಜನ್ ಸಿಲಿಂಡರಿನ ಪಕ್ಕದಲ್ಲಿ ಕೂರುತ್ತಾನೆ. ಮುಳುಗಿದ ಕಾರ್ಖಾನೆ ತನ್ನ ಜೊತೆ ಅವನ ಆಸ್ಪತ್ರೆ ವಿಮೆಯನ್ನೂ ಮುಳುಗಿಸಿಕೊಂಡು ಹೋಗಿತ್ತು. ಈಗ ಅವನು ಇರುವುದು ನನ್ನ ವಿಮೆಯ ಮೇಲೆ, ಅಂದರೆ ಗಾರ್ಬರ್‌ನ ವಿಮೆಯ ಮೇಲೆ. ಗಾರ್ಬರ್ ಮುಚ್ಚಿದರೆ ಅದು ಹೋಯಿತು. ಇಂಥ ಕಾಯಿಲೆ ಇಟ್ಟುಕೊಂಡವನಿಗೆ ಹೊಸದಾಗಿ ವಿಮೆ ಕೊಡುವ ಪುಣ್ಯಾತ್ಮ ಈ ಸೀಮೆಯಲ್ಲಿ ಯಾರೂ ಇಲ್ಲ, ನಾನು ಕೇಳಿ ನೋಡಿದ್ದೆ. ಐವತ್ತನಾಲ್ಕು ವಯಸ್ಸಿನ ನನಗೆ ವಿಮೆ ಇರುವ ಕೆಲಸ ಇನ್ನೆಲ್ಲಿ ಸಿಗಬೇಕು?

ಭಾನುವಾರ ಚರ್ಚ್ ಮುಗಿಸಿ ಐರೀನ್ ಮನೆಗೆ ಊಟಕ್ಕೆ ಹೋಗುವುದು ನಮ್ಮ ರೂಢಿ. ಅಮ್ಮ ಇದ್ದ ಮನೆ ಅದು, ಗುಡ್ಡದ ಮೇಲಿನ ಬೀದಿಯಲ್ಲಿ. ಆವತ್ತು ಐರೀನ್ ಬೇಯಿಸಿದ ಹಿಟ್ಟಿನ ತುಣುಕುಗಳಿಗೆ ಎಲೆಕೋಸು ಹಾಕಿ ಹಲುಷ್ಕಿ ಮಾಡಿದ್ದಳು. ಎಮಿಲ್ ಉಂಡು ಮುಂದಿನ ಕೋಣೆಯಲ್ಲಿ ಬೇಸ್‌ಬಾಲ್ ನೋಡುತ್ತಾ ಕೂತ. ನಾವಿಬ್ಬರು ಪಾತ್ರೆ ತೊಳೆಯಲು ನಿಂತೆವು.

"ಹೀಗೇ ಇಳಿಸ್ತಾ ಹೋದ್ರೆ ಎರಡನ್ನೂ ಮುಚ್ತಾರೆ," ಎಂದಳು ಐರೀನ್.

"ಇಳಿಸ್ತಿರೋದು ಯಂತ್ರ. ನಾವಲ್ಲ."

"ಯಂತ್ರಕ್ಕೆ ಹೇಳೋರು ಯಾರು? ನಾವೇ ತಾನೆ? ಇನ್ನು ಮೇಲೆ ನೀನು ಹೋದ ವಾರದ ಬೆಲೇನೇ ಬರಿ. ನಾನೂ ಹಾಗೇ ಬರೀತೀನಿ. ಬದಲಾವಣೆ ಇಲ್ಲ ಅಂತ. ಎಲ್ಲ ಇದ್ದಲ್ಲೇ ನಿಲ್ಲುತ್ತೆ. ಯಾರದ್ದು ಉಳಿಯುತ್ತೋ ಉಳೀಲಿ. ನಾವು ಕೈ ಹಾಕೋದು ಬೇಡ ವಿಲ್ಕಾ."

ವಿಲ್ಕಾ ಎನ್ನುವುದು ಅಮ್ಮ ಕರೆಯುತ್ತಿದ್ದ ಹೆಸರು. ಈಗ ಐರೀನ್ ಒಬ್ಬಳೇ ಹಾಗೆ ಕರೆಯುವವಳು. ನಾನು ತಟ್ಟೆ ಒರೆಸುತ್ತಾ ಆಯಿತು ಎಂದೆ. ಅವಳು ಒದ್ದೆ ಕೈ ಚಾಚಿದಳು. ಹಿಡಿದು ಕುಲುಕಿದೆ. ಎಮಿಲ್‌ನ ವಿಮೆಯ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವಳ ಅಂಗಡಿಯೂ ಹೋಗಬಹುದಿತ್ತಲ್ಲ, ನಮ್ಮ ಮನೆಯ ಗೋಳು ಅವಳ ಮುಂದೆ ಯಾಕೆ ತೋಡಿಕೊಳ್ಳಲಿ ಎಂದು ನುಂಗಿಕೊಂಡೆ. ಅಕ್ಕ ಎನ್ನುವ ಜಂಬವೂ ಸ್ವಲ್ಪ ಇತ್ತು. ತಂಗಿಯ ಹತ್ತಿರ ಏನನ್ನೂ ಕೇಳಿ ಅಭ್ಯಾಸ ಇರಲಿಲ್ಲ ನನಗೆ.

ಮಾತಿನಂತೆ ನಡೆದುಕೊಂಡೆವು. ಮಂಗಳವಾರ ನಾನು ಪೆನ್‌ವೇಗೆ ಹೋಗಿ ಪಟ್ಟಿಯ ತುಂಬ 'ಬದಲಾವಣೆ ಇಲ್ಲ' ಎಂದು ಬರೆದು ಬರುತ್ತಿದ್ದೆ, ಗುರುವಾರ ಅವಳು ಬರೆಯುತ್ತಿದ್ದಳು. ಹಳೆಯ ಬೆಲೆಗಳು ನಿಂತವು, ಹೊಸ ಮಾಲು ಹೊಸ ಬೆಲೆಗೇ ಬಂದು ಹಾಗೇ ಉಳಿಯಿತು. ಬಲೋಗ್ ಬೇಜಾರಾಗಿ ಕುರ್ಚಿ ಮಡಚಿಕೊಂಡು ಹೋದ. ಹೆಡ್ ಆಫೀಸಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಗೊತ್ತಾಗಲು ಅಲ್ಲಿ ಯಾರಾದರೂ ಇರಬೇಕಲ್ಲ.

ನಾವು ಒಳಹೋಗುವಾಗ ಹಾಜರಿ ಕಾರ್ಡು ಒತ್ತುವ ಗಡಿಯಾರದ ಪಕ್ಕದ ಗೋಡೆಗೆ ಡೆನ್ಲಿಂಗರ್ ಒಂದು ನಕ್ಷೆ ಅಂಟಿಸಿದ್ದ. ನಮ್ಮದು ಹಸಿರು ಗೆರೆ, ಪೆನ್‌ವೇಯದು ಕೆಂಪು. ಮೊದಲ ಮೂರು ವಾರ ಎರಡೂ ಜೊತೆಗೆ ಹೋದವು. ಜುಲೈನಲ್ಲಿ ಸೆಕೆ ಜೋರಾಯಿತು. ನಮ್ಮ ಹವಾನಿಯಂತ್ರಣ ಕೆಟ್ಟು ನಿಂತಿತು. ರಿಪೇರಿಗೆ ಅನುಮತಿ ಕೊಡಬೇಕಾದವರು ಯಾರು ಎನ್ನುವುದು ಇನ್ನೂ ತೀರ್ಮಾನ ಆಗಿಲ್ಲವಂತೆ. ಜನ ಬೆವರು ಒರೆಸಿಕೊಳ್ಳುತ್ತಾ ಎದುರಂಗಡಿಯ ತಂಪಿಗೆ ಹೋದರು. ಕೆಂಪು ಗೆರೆ ಮೇಲೆ ಏರಿತು. ಪ್ರತಿ ಬೆಳಿಗ್ಗೆ ಕಾರ್ಡು ಒತ್ತುವಾಗ ಎರಡು ಗೆರೆಗಳ ನಡುವಿನ ಅಂತರವನ್ನು ಬೆರಳಿನಿಂದ ಅಳೆಯುತ್ತಿದ್ದೆ. ನಮ್ಮದೇ ಕಂಪನಿಯ ಕೆಟ್ಟ ಯಂತ್ರದಿಂದ ನಾವು ನಮ್ಮದೇ ಕಂಪನಿಗೆ ಸೋಲುತ್ತಿದ್ದೆವು.

ಜುಲೈ ಕೊನೆಯಲ್ಲಿ ಎಮಿಲ್ ಮನೆಯ ಜಗಲಿಯಲ್ಲಿ ಕುಸಿದುಬಿದ್ದ. ನಾಲ್ಕು ದಿನ ಆಸ್ಪತ್ರೆ. ಸೇರಿಸಿಕೊಳ್ಳುವ ಮೇಜಿನಲ್ಲಿದ್ದ ಹುಡುಗಿ ಬಹಳ ಮರ್ಯಾದೆಯಿಂದಲೇ ಕೇಳಿದಳು.

"ವಿಮೆ ಕಾರ್ಡ್ ಕೊಡ್ತೀರಾ ಮಿಸೆಸ್ ಹುಡಾಕ್? ಇದು ಡಿಸೆಂಬರ್‌ವರೆಗೂ ಇರುತ್ತೆ ಅಲ್ವಾ?"

ಇರುತ್ತೆ ಎಂದೆ. ಆ ಹುಡುಗಿಗೆ ಸುಳ್ಳು ಹೇಳಿದೆ ಎನ್ನುವುದು ಮನೆಗೆ ಬಂದ ಮೇಲೆ ಹೊಳೆಯಿತು. ಎಮಿಲ್ ಮಲಗಿದಲ್ಲಿಂದಲೇ ಅಂಗಡಿ ಏನಾಯಿತು ಎಂದು ಕೇಳಿದ. ಚೆನ್ನಾಗಿದೆ ಎಂದೆ. ಅದು ಎರಡನೇ ಸುಳ್ಳು.

ಆಗಸ್ಟ್ ಆರು, ಮಂಗಳವಾರ. ಇನ್ನು ಉಳಿದಿದ್ದದ್ದು ಎರಡು ವಾರಕ್ಕಿಂತ ಕಡಿಮೆ. ಶಾಲೆಗಳು ತೆರೆಯುವ ಮುಂಚಿನ ವ್ಯಾಪಾರ ಆಗತಾನೆ ಶುರುವಾಗಿತ್ತು. ಪೆನ್‌ವೇಗೆ ಹೋಗಿ ಬಂದು ಪಾಪ್‌ಕಾರ್ನ್ ಕೌಂಟರಿನ ಮೂಲೆ ಮೇಜಿನಲ್ಲಿ ಕೂತೆ. ಶಾಲೆ ಬ್ಯಾಗಿಗೆ ಅವರ ಬೆಲೆ ಹದಿಮೂರು ಡಾಲರ್ ಇತ್ತು. ನಾನು ಏಳು ಎಂದು ಬರೆದೆ. ಮಕ್ಕಳ ಜೀನ್ಸ್ ಹನ್ನೆರಡು ಇತ್ತು, ಆರು ಎಂದು ಬರೆದೆ. ಬೂಟು, ನೋಟುಬುಕ್ಕು, ಚಳಿಗಾಲದ ಜಾಕೆಟ್ಟು, ಹೀಗೆ ಹತ್ತು ಸಾಮಾನು.

ಬುಧವಾರ ಹಳದಿ ಕಾರ್ಡುಗಳು ಬಂದವು. 'ಪೆನ್‌ವೇಯಲ್ಲಿ ಏಳು, ನಮ್ಮಲ್ಲಿ ಆರು.' ಡೆನ್ಲಿಂಗರ್ ಕಾರ್ಡುಗಳನ್ನು ನೋಡಿದ, ನನ್ನನ್ನು ನೋಡಿದ, ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡ. ಮಧ್ಯಾಹ್ನದ ಹೊತ್ತಿಗೆ ತಾಯಂದಿರು ಗಾಡಿಗಳ ಮೇಲೆ ಗಾಡಿ ತುಂಬಿಸಿಕೊಂಡು ಸಾಲು ನಿಂತಿದ್ದರು. ಸೆಕೆ ಯಾರ ಗಮನಕ್ಕೂ ಬರಲಿಲ್ಲ.

ಗುರುವಾರ ಐರೀನ್ ಬಂದಳು. ನಾನು ಪರದೆಗಳ ಸಾಲಿನ ಹಿಂದೆ ನಿಂತು ನೋಡಿದೆ. ಬ್ಯಾಗುಗಳ ರಾಶಿಯ ಮುಂದೆ ನಿಂತು ಅವಳು ಕಾರ್ಡು ಓದಿದಳು. ತನ್ನ ಅಂಗಡಿಯ ಬೆಲೆ ಅವಳಿಗೆ ಬಾಯಿಪಾಠ. ಜೀನ್ಸಿನ ಕಾರ್ಡು ಓದಿದಳು, ಬೂಟಿನದು ಓದಿದಳು. ಆಮೇಲೆ ಪ್ಯಾಡಿನ ಮೇಲೆ ಏನೋ ಬರೆದುಕೊಂಡಳು. ನನ್ನನ್ನು ಹುಡುಕಲಿಲ್ಲ, ಸುತ್ತ ತಿರುಗಿ ನೋಡಲೂ ಇಲ್ಲ. ಸೀದಾ ಹೊರಟುಹೋದಳು. ಅವಳು ನಮ್ಮ ಆರನ್ನು ಆರು ಎಂದು ಬರೆದು ಕಳಿಸಿದರೂ ಸಾಕಿತ್ತು. ಶುಕ್ರವಾರ ಪೆನ್‌ವೇಯಲ್ಲಿ ಬ್ಯಾಗು ಐದಕ್ಕೆ ಇಳಿದು ನನ್ನ ಆಟ ಅಲ್ಲಿಗೇ ಮುಗಿಯುತ್ತಿತ್ತು.

ಶುಕ್ರವಾರ ಪೆನ್‌ವೇಯಲ್ಲಿ ಏನೂ ಇಳಿಯಲಿಲ್ಲ. ಬ್ಯಾಗು ಹದಿಮೂರಕ್ಕೇ ನಿಂತಿತ್ತು. ಅವಳು ಗಮನಿಸಿರಲಿಕ್ಕಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಐರೀನ್ ಗಮನಿಸುವುದಿಲ್ಲವಂತೆ. ಅಮ್ಮನ ಸ್ವೆಟರಿನ ಒಂದು ಎಳೆ ಸಡಿಲವಾದರೂ ಬೀದಿಯ ಆ ತುದಿಯಿಂದ ಕಂಡುಹಿಡಿಯುತ್ತಿದ್ದವಳು.

ಶನಿವಾರ ಬಲೋಗ್ ಮೊಮ್ಮಗಳನ್ನು ಕರೆದುಕೊಂಡು ಬಂದ. ಅವನ ಮುಖ ಕೆಂಪಾಗಿತ್ತು.

"ಏನಮ್ಮಾ ಇದು? ನಿಮ್ಮ ಕಾರ್ಡಲ್ಲಿ ಪೆನ್‌ವೇಯಲ್ಲಿ ಏಳು ಅಂತ ಬರ್ದಿದೆ. ಅಲ್ಲಿಗೆ ಹೋದ್ರೆ ಹದಿಮೂರು ಅಂತಾರೆ. ಅಲ್ಲಿ ಇಪ್ಪತ್ತು ಜನ ಸೇರಿ ಗಲಾಟೆ ಮಾಡ್ತಿದಾರೆ, ಏಳಕ್ಕೆ ಕೊಡಿ ಅಂತ."

"ಅವರೇನಂದ್ರು?"

"ನಿನ್ನ ತಂಗೀನೇ ನಿಂತು ಮಾತಾಡಿದ್ಲು. ನಮ್ಮಲ್ಲಿ ಆ ಬೆಲೆ ಇಲ್ಲ, ಎದುರುಗಡೆ ಆರಕ್ಕೆ ಕೊಡ್ತಿದಾರೆ, ದಯವಿಟ್ಟು ಅಲ್ಲೇ ಹೋಗಿ ತೊಗೊಳ್ಳಿ ಅಂದ್ಲು. ಕಾರ್ಡಲ್ಲಿ ತಪ್ಪು ಬರ್ದಿದಾರೆ ಅಂತ ಒಂದು ಮಾತೂ ಅನ್ಲಿಲ್ಲ. ಬೈಸ್ಕೊಂಡು ನಿಂತಿದ್ಲು. ಒಳ್ಳೆ ಹೆಂಗಸು. ಅದಿರ್ಲಿ, ನೀಲಿ ಬಣ್ಣದ್ದು ಇದ್ಯಾ?"

ನೀಲಿ ಬಣ್ಣದ್ದು ತೆಗೆದುಕೊಟ್ಟೆ. ಆಮೇಲೆ ಸಾಮಾನು ಕೋಣೆಗೆ ಹೋಗಿ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ಮಂಗಳವಾರ ಸರಿಯಾದ ಬೆಲೆ ಬರೆದು ಕಳಿಸಬಹುದಿತ್ತು. ಮಂಗಳವಾರ ನಾನು ಮತ್ತೆ ಏಳು ಎಂದೇ ಬರೆದೆ.

ಭಾನುವಾರಗಳು ಮಾತ್ರ ತಪ್ಪಲಿಲ್ಲ. ಆ ಎರಡು ಭಾನುವಾರವೂ ಐರೀನ್ ಎಂದಿನಂತೆ ಬಡಿಸಿದಳು, ಎಮಿಲ್‌ಗೆ ಮೆತ್ತಗಿನ ಭಾಗ ಆರಿಸಿ ಹಾಕಿದಳು, ಸೆಕೆಯ ವಿಚಾರ ಮಾತಾಡಿದಳು. ನಾನು ಗಬಗಬನೆ ಉಂಡು ತಲೆನೋವು ಎಂದು ಎದ್ದೆ. ಪಾತ್ರೆ ತೊಳೆಯಲು ನಿಲ್ಲಲಿಲ್ಲ.

ಹತ್ತು ವಾರ ಮುಗಿದಾಗ ಹಸಿರು ಗೆರೆ ಕೆಂಪು ಗೆರೆಗಿಂತ ಒಂದು ಬೆರಳಿನಷ್ಟು ಮೇಲಿತ್ತು. ನಷ್ಟಕ್ಕೆ ಮಾರಿದ್ದೋ ಲಾಭಕ್ಕೆ ಮಾರಿದ್ದೋ ಯಾರೂ ನೋಡಲಿಲ್ಲ, ಮಾರಾಟ ಮಾತ್ರ ನೋಡಿದರು. ಡೆನ್ಲಿಂಗರ್ ಮತ್ತೆ ಕೇಕು ತರಿಸಿದ. ಮುಚ್ಚುವ ಅಂಗಡಿಯಿಂದ ನಾಲ್ಕು ಜನರನ್ನು ನಾವು ತೆಗೆದುಕೊಳ್ಳಬಹುದು ಎಂದು ಕೊನೆಯ ಗಳಿಗೆಯಲ್ಲಿ ಅನುಮತಿ ಬಂತು. ಐರೀನ್ ಹೆಸರನ್ನು ಮೊದಲು ಬರೆಸಿದ್ದು ನಾನೇ. ಅವಳು ತನಗೆ ಬಂದ ಕೆಲಸದ ಕಾಗದವನ್ನು ಸಹಿ ಹಾಕದೆ ವಾಪಸ್ಸು ಕಳಿಸಿದಳು.

ಅದನ್ನು ನೋಡಿ ನನಗೆ ಸಿಟ್ಟು ಬಂತು. ಹೌದು, ಸಿಟ್ಟೇ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ತಪ್ಪು ಮಾಡಿದವಳು ಸರಿಮಾಡಲು ಹೊರಟರೆ ಎದುರಿನವಳು ಬಿಡಬೇಕಲ್ಲ. ಸೆಪ್ಟೆಂಬರಿನ ಎರಡನೇ ವಾರ, ಊಟದ ಬಿಡುವಿನಲ್ಲಿ, ಬಯಲು ದಾಟಿ ಪೆನ್‌ವೇಗೆ ಹೋದೆ. ಎಲ್ಲ ಖಾಲಿ ಮಾಡುವ ಮಾರಾಟ ನಡೆಯುತ್ತಿತ್ತು. ಜನ ಗೋಡೆಯ ಕನ್ನಡಿಯನ್ನೂ ಬಿಡದೆ ಎಷ್ಟು ಎಷ್ಟು ಎಂದು ಕೇಳುತ್ತಿದ್ದರು. ಐರೀನ್ ಮೊಣಕಾಲೂರಿ ಕೂತು ಕೆಳಗಿನ ಶೆಲ್ಫಿನಿಂದ ಬೆಲೆಯ ಪಟ್ಟಿಗಳನ್ನು ಉಗುರಿನಿಂದ ಕೀಳುತ್ತಿದ್ದಳು.

"ಯಾಕೆ ಸಹಿ ಹಾಕ್ಲಿಲ್ಲ?"

"ಬೇಡ ಅನ್ನಿಸ್ತು."

"ಬೇಡ ಅನ್ನಿಸೋಕೆ ನೀನೇನು ಲಕ್ಷಾಧೀಶ್ವರಿಯಾ? ವಾರಕ್ಕೆ ನಲವತ್ತು ಗಂಟೆ ಕೆಲಸ, ವಿಮೆ ಸಮೇತ. ಹೆದ್ದಾರಿಯವರ ಹತ್ತಿರ ಹೋದ್ರೆ ಇಪ್ಪತ್ತು ಗಂಟೆಗಿಂತ ಜಾಸ್ತಿ ಸಿಗಲ್ಲ."

"ಗೊತ್ತು. ನಿನ್ನೆ ಅಲ್ಲೇ ಅರ್ಜಿ ಹಾಕಿ ಬಂದೆ."

ನಾನು ಅವಳ ಪಕ್ಕದಲ್ಲಿ ಕೆಳಗೆ ಕೂತೆ. ಮಂಡಿ ನೋಯಿತು. ಸುತ್ತಲೂ ಜನರ ಕಾಲುಗಳು.

"ನಿನಗೆ ಗೊತ್ತಿತ್ತು," ಎಂದೆ.

"ಮೊದಲ ಗುರುವಾರಾನೇ."

"ಮತ್ಯಾಕೆ ಸುಮ್ನಿದ್ದೆ? ನೀನೂ ಇಳಿಸ್ಬಹುದಿತ್ತು. ನಮ್ಮ ಬೆಲೆ ನೋಡಿ ಬರೆದಿದ್ರೆ ಸಾಕಿತ್ತು, ಸುಳ್ಳೂ ಹೇಳ್ಬೇಕಾಗಿರ್ಲಿಲ್ಲ."

"ಮಾತು ಕೊಟ್ಟಿದ್ನಲ್ಲ."

"ಎಮಿಲ್‌ಗೋಸ್ಕರ ಮಾಡ್ದೆ ಐರೀನ್. ವಿಮೆ ಹೋಗಿದ್ರೆ ಅವನು..."

"ಅದೂ ಗೊತ್ತು." ಅವಳು ಒಂದು ಪಟ್ಟಿ ಕಿತ್ತು ಪಕ್ಕಕ್ಕಿಟ್ಟಳು. "ಎಮಿಲ್ ಎದೆ ಹೇಗಿದೆ ಅಂತ ನನಗೆ ಗೊತ್ತಿಲ್ವಾ? ಪ್ರತಿ ಭಾನುವಾರ ನನ್ನ ಮನೆ ಮೆಟ್ಟಿಲು ಹತ್ತೋದನ್ನ ನೋಡ್ತೀನಲ್ಲ. ಜೂನ್‌ನಲ್ಲಿ ನೀನೇ ಬಾಯಿ ಬಿಡ್ತೀಯ ಅಂತ ಕಾದೆ. ಆವತ್ತು ಕೈ ಚಾಚಿ ನಿಂತಿದ್ನಲ್ಲ, ಆಗಲೂ ಕಾದೆ. ನೀನು ಒಂದು ಮಾತು ಕೇಳಿದ್ರೆ ಈ ಅಂಗಡೀನ ನಾನೇ ನಿನಗೆ ಬಿಟ್ಟುಕೊಡ್ತಿದ್ದೆ ವಿಲ್ಮಾ. ಹತ್ತು ವಾರ ನಿಮ್ಮ ಕಡೆಗೇ ಗಿರಾಕಿಗಳನ್ನ ಕಳಿಸ್ತಿದ್ದೆ. ನೀನು ಕೇಳಲಿಲ್ಲ. ತಗೊಂಡೆ."

ವಿಲ್ಕಾ ಎನ್ನಲಿಲ್ಲ. ಒಬ್ಬ ಹೆಂಗಸು ನಮ್ಮ ತಲೆಯ ಮೇಲೆ ಬಗ್ಗಿ ಈ ಶೆಲ್ಫೂ ಮಾರೋದಕ್ಕಿದೆಯಾ ಎಂದು ಕೇಳಿದಳು. ಇದೆ, ಇಪ್ಪತ್ತೈದು ಡಾಲರ್, ಬಿಚ್ಚಿಕೊಂಡು ಹೋಗೋದು ನಿಮ್ಮ ಕೆಲಸ ಎಂದು ಐರೀನ್ ಎದ್ದು ನಿಂತು ಬಹಳ ಮರ್ಯಾದೆಯಿಂದ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಭಾನುವಾರ ಎಮಿಲ್‌ನ ಕಳಿಸು. ನೀನು ಬರಬೇಡ."

ಎಮಿಲ್‌ಗೆ ಕಾರು ಓಡಿಸಲು ಆಗುವುದಿಲ್ಲ. ಹಾಗಾಗಿ ಪ್ರತಿ ಭಾನುವಾರ ನಾನೇ ಅವನನ್ನು ಗುಡ್ಡದ ಮೇಲಿನ ಬೀದಿಗೆ ಕರೆದುಕೊಂಡು ಹೋಗುತ್ತೇನೆ. ಸಣ್ಣ ಸಿಲಿಂಡರನ್ನು ಮೆಟ್ಟಿಲ ತನಕ ಎತ್ತಿಕೊಂಡು ಹೋಗಿ ಕೊಡುತ್ತೇನೆ. ಐರೀನ್ ಬ್ಲೌಸಿನ ಮೇಲೆ ಹೆದ್ದಾರಿ ಅಂಗಡಿಯ ಬಿಲ್ಲೆ ಹಾಕಿಕೊಂಡೇ ಬಾಗಿಲು ತೆರೆಯುತ್ತಾಳೆ. ಎರಡು ಗಂಟೆಗೆ ಅವಳ ಪಾಳಿ ಶುರು. ಅವನ ತೋಳು ಹಿಡಿದು ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತಾಳೆ. ನಾನು ಕಾರಿನಲ್ಲಿ ಕಾಯುತ್ತೇನೆ. ಇಲ್ಲಿಂದ ಅವಳ ಅಡುಗೆಮನೆಯ ಕಿಟಕಿ ಕಾಣುತ್ತದೆ. ಊಟ ಆದ ಮೇಲೆ ಅವಳು ಒಬ್ಬಳೇ ತೊಟ್ಟಿಯ ಮುಂದೆ ನಿಂತು ತೊಳೆಯುತ್ತಾಳೆ, ಒರೆಸುವುದನ್ನೂ ಅವಳೇ ಮಾಡುತ್ತಾಳೆ.

ಇವತ್ತು ನಾಲ್ಕನೇ ಭಾನುವಾರ. ವಿಮೆ ಇದೆ, ಎಮಿಲ್ ಇದ್ದಾನೆ, ಕೆಲಸ ಇದೆ. ಒಂದು ಮಾತು ಕೇಳುವುದಕ್ಕೆ ನನಗೆ ಏನಾಗಿತ್ತು? ಎಮಿಲ್ ಹೊರಗೆ ಬಂದು ಕಾರಿನೊಳಗೆ ಕೂತು, ಉಸಿರು ಸುಧಾರಿಸಿಕೊಂಡು, ಕೋಸಿಗೆ ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು ಎಂದ. ನನ್ನ ವಿಚಾರ ಏನಾದರೂ ಕೇಳಿದಳಾ ಎಂದೆ. ಇಲ್ಲ ಎಂದ.